ಭಂಗಿ ಅರೆದವಳ ನಿದ್ದೆ

ಮಥುರೆಯಲ್ಲಿ ಚೌಬೆ ಪುರೋಹಿತರ ಓಣಿಯಾದ ಚೌಬಿಯಾ ಪಾಡಾದಲ್ಲಿ ಮಧ್ಯಾಹ್ನ ಮೂರು ಹೊಡೆಯಿತೆಂದರೆ ಮನೆಮನೆಯಿಂದ ಅರೆಕಲ್ಲಿನ ಸದ್ದು ಕೇಳತೊಡಗುತ್ತದೆ. ಭಂಗಿ ಅರೆಯುವುದು ಅಲ್ಲಿ ಗಂಡಸರ ಕೆಲಸ. ಪೂಜೆಯಷ್ಟೇ ಶ್ರದ್ಧೆಯಿಂದ, ಪೂಜೆಗಿಂತ ಹೆಚ್ಚು ಹೊತ್ತು ಅದನ್ನು ಮಾಡುತ್ತಾರೆ. ಮುಕುಟ್ ಬಿಹಾರಿ ಚೌಬೆಯ ಮನೆಯಲ್ಲಿ ಮಾತ್ರ ಆ ಕೆಲಸ ಹೆಂಡತಿ ಜಾವಿತ್ರಿಯ ಪಾಲಿಗೆ ಬಂದಿತ್ತು. ಮದುವೆಯಾದ ಮೂರನೆಯ ವರ್ಷ ಗರಡಿಯಲ್ಲಿ ಚೌಬೆಯ ಬಲಭುಜ ಜಾರಿತು. ಭುಜ ಆರು ತಿಂಗಳಲ್ಲಿ ಸರಿಹೋಯಿತು. ಅರೆಯುವ ಕೆಲಸ ಮೂವತ್ತೊಂದು ವರ್ಷವಾದರೂ ಹೆಂಡತಿಯ ಹತ್ತಿರವೇ ಉಳಿಯಿತು.

ಸೊಪ್ಪನ್ನು ನೆನೆಹಾಕಿ, ಏಳು ನೀರಲ್ಲಿ ತೊಳೆದು, ಕಾಳುಮೆಣಸು, ಸೋಂಪು, ಬಾದಾಮಿ, ಕರ್ಬೂಜದ ಬೀಜ ಸೇರಿಸಿ ಜಾವಿತ್ರಿ ಒಂದು ಗಂಟೆ ಅರೆಯುತ್ತಿದ್ದಳು. ಮೇಲಿನ ಗುಂಡನ್ನು ಎತ್ತಿದರೆ ಅದಕ್ಕೆ ಅಂಟಿಕೊಂಡು ಕೆಳಗಿನ ಕಲ್ಲೂ ಮೇಲೇಳಬೇಕು. ಆಗ ಹದ ಬಂದಿತೆಂದು ಲೆಕ್ಕ. ಆ ಪರೀಕ್ಷೆಯನ್ನು ಚೌಬೆ ತಾನೇ ಬಂದು ಮಾಡುತ್ತಿದ್ದ. ಅದಕ್ಕೆ ಅವನ ಭುಜ ಯಾವತ್ತೂ ಅಡ್ಡಬರಲಿಲ್ಲ.

ಇಷ್ಟು ವರ್ಷದಲ್ಲಿ ಜಾವಿತ್ರಿ ಒಂದು ಸಲವೂ ಅದನ್ನು ನಾಲಿಗೆಗೆ ಸೋಕಿಸಿದವಳಲ್ಲ. ಮೊದಲ ದಿನವೇ ಅತ್ತೆ ಹೇಳಿಕೊಟ್ಟಿದ್ದರು: "ಅರೆಯೋಳು ತಿನ್ನಬಾರದು ಕಣೇ. ಮನೆಯೆಲ್ಲ ಮಲಗಿದ ಮೇಲೆ ಬಾಗಿಲು ನೋಡ್ಕೊಳ್ಳೋಕೆ ಒಬ್ಬರಾದರೂ ಎಚ್ಚರ ಇರಬೇಕು."

ಆ ಒಬ್ಬರು ಯಾರೆಂದು ಅತ್ತೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಚೌಬೆ ತೀರ್ಥಪುರೋಹಿತ. ಗುಜರಾತಿನ ಮೂರು ತಾಲ್ಲೂಕಿನ ಯಾತ್ರಿಕರು ಅವನ ಪಾಲಿನವರು. ಯಮುನೆಯ ವಿಶ್ರಾಮ ಘಾಟಿನಲ್ಲಿ ಅವರಿಗೆ ಸಂಕಲ್ಪ ಮಾಡಿಸುವುದು, ಮನೆಯಲ್ಲಿ ಇಳಿಸಿಕೊಂಡು ಉಣ್ಣಿಸುವುದು ಅವನ ವೃತ್ತಿ. ಅವರ ರೈಲುಗಳೋ, ಬರುವುದೆಲ್ಲ ಅಪವೇಳೆಯಲ್ಲಿ. ಬಾಗಿಲ ಗಂಟೆ ಬಾರಿಸಿದರೆ ಎದ್ದು ಹಾಸಿಗೆ ಹಾಸಿ, ನೀರು ಕೊಟ್ಟು, ಚಹಾ ಕಾಯಿಸುವವಳು ಜಾವಿತ್ರಿ. ಮುಂಜಾನೆ ನಾಲ್ಕಕ್ಕೆ ನಲ್ಲಿಯಲ್ಲಿ ನೀರು. ಮುಕ್ಕಾಲು ಗಂಟೆಯೊಳಗೆ ಮೋಟರ್ ಹಾಕದಿದ್ದರೆ ಮಾಳಿಗೆಯ ಟ್ಯಾಂಕು ಇಡೀ ದಿನ ಖಾಲಿ. ಕೊನೆಗೆ ಅತ್ತೆಯೇ ಹಾಸಿಗೆ ಹಿಡಿದರು. ಮೂರು ವರ್ಷ ಜಾವಿತ್ರಿ ಗಂಟೆಗೊಮ್ಮೆ ಎದ್ದು ಅವರ ಮಗ್ಗುಲು ಬದಲಿಸಿದಳು. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಗಂಟೆಗೊಮ್ಮೆ ಎಚ್ಚರವಾಗುವುದು ನಿಲ್ಲಲಿಲ್ಲ. ಎದ್ದು ಕೂತರೆ ಮಾಡಲು ಕೆಲಸವಿಲ್ಲ, ಮಲಗಿದರೆ ರೆಪ್ಪೆಗೆ ರೆಪ್ಪೆ ಅಂಟದು.

ಚೌಬೆಯ ದಿನಚರಿ ಬೇರೆ. ಸಂಜೆ ಐದಕ್ಕೆ ಅರೆದ ಭಂಗಿಯ ಒಂದು ಗೋಲಿ ನುಂಗಿ, ಮೇಲೆ ಲೋಟ ತುಂಬ ಹಾಲು ಕುಡಿದು, ಯಮುನೆಯಲ್ಲಿ ಮಿಂದು, ಹದಿನೆಂಟು ಪೂರಿ ಉಂಡು ಒಂಬತ್ತಕ್ಕೆ ತಲೆ ಇಟ್ಟರೆ ಅವನೇ ಹೇಳುವಂತೆ ಬೆಳಗಿನವರೆಗೆ ಕಲ್ಲು. ಹೆಂಡತಿ ನಿದ್ದೆಯಿಲ್ಲವೆಂದರೆ ಅವನ ಬಳಿ ಒಂದೇ ಉತ್ತರ.

"ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ ಅಂತಾರೆ. ನಿನಗೇನು ಚಿಂತೆ, ಗೋಪೇಶನ ತಾಯಿ?"

"ನೀವು ಬಾಗಿಲು ತೆಗೆಯಲ್ವಲ್ಲ, ಅದೇ," ಎನ್ನುತ್ತಿದ್ದಳು ಅವಳು. ಚೌಬೆಗೆ ಅದು ತಮಾಷೆಯಾಗಿ ಕೇಳಿಸುತ್ತಿತ್ತು.

ಹೀಗಿರುವಾಗ ಒಂದು ಆಶ್ವಯುಜದಲ್ಲಿ ಘಾಟಿನ ದಾರಿಯ ಪೇಡಾ ಅಂಗಡಿಯ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿತು. ಒಂದು ಆಯುರ್ವೇದ ಕಾಲೇಜಿನವರು ಭಂಗಿಯ ಸಾರದಿಂದ ಮಾತ್ರೆ ಮಾಡಿದ್ದಾರೆ, ಅದರಿಂದ ನಿದ್ದೆ ಬರುತ್ತದೋ ಇಲ್ಲವೋ ಪರೀಕ್ಷಿಸಬೇಕಾಗಿದೆ, ನಿದ್ದೆ ಬಾರದ ನಡುವಯಸ್ಸಿನವರು ಧರ್ಮಶಾಲೆಗೆ ಬಂದು ಹೆಸರು ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಸರ್ಕಾರ ಶುದ್ಧ ಮಾಡಿದ ಭಂಗಿಯನ್ನು ಪುಕ್ಕಟೆ ಹಂಚುತ್ತಿದೆಯೆಂದು ಓಣಿ ಅದನ್ನು ಓದಿಕೊಂಡಿತು. ಮರುದಿನ ಬೆಳಿಗ್ಗೆ ಧರ್ಮಶಾಲೆಯ ಮುಂದೆ ಐವತ್ತು ಅರವತ್ತು ಜನ ಚೌಬೆಗಳು ಸಾಲು ನಿಂತರು. ಒಬ್ಬೊಬ್ಬರ ಕಣ್ಣೂ ನಿದ್ದೆ ತುಂಬಿ ಮುಚ್ಚಿಕೊಳ್ಳುತ್ತಿತ್ತು. ತಮಗೆ ನಿದ್ದೆಯೇ ಬರುವುದಿಲ್ಲವೆಂದು ಯಮುನೆಯ ಆಣೆ ಇಟ್ಟು ಹೇಳಿದರು.

ಒಳಗೆ ಕೂತವಳು ಡಾಕ್ಟರ್ ಇಲಾ ರಸ್ತೋಗಿ. ಮೂವತ್ತು ದಾಟದ ಹುಡುಗಿ, ಲಖನೌ ಕಡೆಯವಳು. ಹಿಂದಿನ ಮೂರು ತಿಂಗಳಲ್ಲಿ ಭಂಗಿ ಮುಟ್ಟಿರಬಾರದು ಎಂಬುದು ಆಕೆಯ ನಿಯಮ. ಕೊನೆಯ ಸಲ ತಗೊಂಡಿದ್ದು ಯಾವಾಗ ಎಂದು ಆಕೆ ಕೇಳಿದರೆ ಜನ ಗಡಿಯಾರ ನೋಡಿಕೊಳ್ಳುತ್ತಿದ್ದರು. ಒಬ್ಬ ಮುದುಕ, ತಾನು ಮೂರು ತಿಂಗಳಿಂದ ಖಂಡಿತ ಮುಟ್ಟಿಲ್ಲ, ಮೊಮ್ಮಗ ಬಾಯಿಗೆ ಹಾಕುತ್ತಾನೆ ಎಂದ. ಮೂರು ದಿನ ಕೂತರೂ ಆಕೆಗೆ ಒಬ್ಬ ಗಂಡಸೂ ದಕ್ಕಲಿಲ್ಲ.

ಮೂರನೆಯ ದಿನ ಮುಕುಟ್ ಚೌಬೆಯೂ ಹೋದ. ಕನ್ನಡಕವನ್ನು ಹಿಂದಿನ ವಾರವಷ್ಟೇ ಮಂಗ ಕಸಿದುಕೊಂಡು ಹೋಗಿದ್ದರಿಂದ ಕಾಗದಪತ್ರ ಓದಲು ಹೆಂಡತಿಯನ್ನೂ ಕರೆದುಕೊಂಡಿದ್ದ. ಡಾಕ್ಟರು ಅವನನ್ನು ಎರಡು ಪ್ರಶ್ನೆಗೆ ಮುಗಿಸಿದಳು. ಆಮೇಲೆ, ಕೈಚೀಲ ಹಿಡಿದು ಹಿಂದೆ ನಿಂತಿದ್ದ ಜಾವಿತ್ರಿಯ ಕಣ್ಣಿನ ಕೆಳಗಿನ ಕಪ್ಪನ್ನು ಒಂದು ಕ್ಷಣ ನೋಡಿದಳು.

"ನೀವು ಎಷ್ಟು ಹೊತ್ತು ನಿದ್ದೆ ಮಾಡ್ತೀರಿ, ಅಮ್ಮಾ?"

ತನ್ನನ್ನು ಯಾರಾದರೂ ಈ ಪ್ರಶ್ನೆ ಕೇಳಿ ಎಷ್ಟು ಕಾಲವಾಯಿತೆಂದು ಜಾವಿತ್ರಿಗೆ ನೆನಪಾಗಲಿಲ್ಲ. "ಎರಡು ಗಂಟೆ. ಕೆಲವು ದಿನ ಅದೂ ಇಲ್ಲ," ಎಂದಳು.

"ಭಂಗಿ?"

"ದಿನಾ ಅರೀತೀನಿ. ತಿಂದಿಲ್ಲ."

"ಯಾವಾಗಿಂದ ತಿಂದಿಲ್ಲ?"

"ಹುಟ್ಟಿದಾಗಿಂದ."

ಡಾಕ್ಟರು ಪೆನ್ನು ಕೆಳಗಿಟ್ಟು, ಎದ್ದು, ಅವಳಿಗೆ ತನ್ನ ಕುರ್ಚಿಯನ್ನೇ ಕೊಟ್ಟಳು. ಚೌಬೆ ನಿಂತೇ ಇದ್ದ.

ಮನೆಗೆ ಬಂದ ಮೇಲೆ ದೊಡ್ಡ ಗಲಾಟೆಯಾಯಿತು. ತನ್ನ ಮನೆಯ ಹೆಂಗಸು ಭಂಗಿ ತಿನ್ನುವುದೇ, ಕುಲದಲ್ಲಿ ಇಲ್ಲದ ಸಂಪ್ರದಾಯವೇ ಎಂದು ಚೌಬೆ ಅಂಗಳದ ತುಂಬ ಓಡಾಡಿದ. ಬಾಯಿಯಲ್ಲಿ ಸಂಜೆಯ ಗೋಲಿ ಇದ್ದುದರಿಂದ ಮಾತು ಸ್ವಲ್ಪ ತೊದಲುತ್ತಿತ್ತು. ಸೊಸೆ ನೂತನ್, ಎಂಟು ತಿಂಗಳ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು, ಇದು ಭಂಗಿಯಲ್ಲ ಮಾವಯ್ಯಾ, ಮಾತ್ರೆ ಎಂದಳು. ಮರುದಿನ ಡಾಕ್ಟರೇ ಮನೆಗೆ ಬಂದು ಬಿಡಿಸಿ ಹೇಳಿದಳು. ಎರಡು ಬಗೆಯ ಮಾತ್ರೆಗಳಿವೆ. ಒಂದರಲ್ಲಿ ಭಂಗಿಯ ಸಾರ, ಇನ್ನೊಂದರಲ್ಲಿ ಬರೀ ಎಳ್ಳೆಣ್ಣೆ. ನೋಡಲು ಎರಡೂ ಒಂದೇ. ಯಾರಿಗೆ ಯಾವುದು ಸಿಕ್ಕಿತೆಂದು ತಿನ್ನುವವರಿಗೂ ಗೊತ್ತಿಲ್ಲ, ಕೊಡುವ ತನಗೂ ಗೊತ್ತಿಲ್ಲ. ಎಲ್ಲ ಮುಗಿದ ಮೇಲೆ ದೆಹಲಿಯಲ್ಲಿ ಬೀಗ ಹಾಕಿಟ್ಟ ಪಟ್ಟಿ ತೆಗೆದು ನೋಡುತ್ತಾರೆ.

ಗೊತ್ತಿಲ್ಲದೆ ಕೊಡುವುದು, ಗೊತ್ತಿಲ್ಲದೆ ತಗೊಳ್ಳುವುದು ಎಂಬ ಮಾತು ಪುರೋಹಿತನಾದ ಚೌಬೆಗೆ ಗುಪ್ತದಾನದಂತೆ ಕಂಡು ಹಿಡಿಸಿತು. ಅದಕ್ಕಿಂತ ಹೆಚ್ಚಾಗಿ, ಇಡೀ ಓಣಿಯ ಗಂಡಸರನ್ನು ಬಿಟ್ಟು ತನ್ನ ಮನೆಯವಳನ್ನು ಆರಿಸಿದ್ದಾರೆಂಬ ಸುದ್ದಿ ಅಷ್ಟರಲ್ಲಿ ಘಾಟಿಗೆ ತಲುಪಿ, ನಾಲ್ಕು ಜನ ಬಂದು ಹೊಟ್ಟೆಕಿಚ್ಚು ಪಟ್ಟು ಹೋಗಿದ್ದರು. ಅವನು ಒಪ್ಪಿದ.

ಡಾಕ್ಟರು ಮಾತ್ರೆಯ ಡಬ್ಬಿ ಕೊಟ್ಟಳು, ಮಣಿಕಟ್ಟಿಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿದಳು, ಬೆಳಿಗ್ಗೆ ಬರೆಯಲು ಒಂದು ಪುಸ್ತಕ ಕೊಟ್ಟಳು. ಕೊನೆಯಲ್ಲಿ ನಿಯಮಗಳ ಒಂದು ಹಾಳೆ. ಎರಡೂ ಗುಂಪಿನವರಿಗೂ ಅದೇ ಹಾಳೆ. ಮಧ್ಯಾಹ್ನ ನಾಲ್ಕರ ಮೇಲೆ ಚಹಾ ಕೂಡದು. ಹತ್ತಕ್ಕೆ ದೀಪ ಆರಿಸಿ ಮಲಗಬೇಕು. ಐದೂವರೆವರೆಗೆ ಮನೆಗೆಲಸಕ್ಕೆಂದು ಹಾಸಿಗೆ ಬಿಟ್ಟು ಏಳಬಾರದು. ಮಲಗುವ ಕೋಣೆಯಲ್ಲಿ ಗೊರಕೆ ಹೊಡೆಯುವವರು ಇರಬಾರದು. ಇದಕ್ಕೆಲ್ಲ ಅನುಕೂಲ ಮಾಡಿಕೊಡುತ್ತೇವೆಂದು ಮನೆಯ ಹಿರಿಯರೊಬ್ಬರು ಸಹಿ ಹಾಕಬೇಕು. ಜೊತೆಗೆ ಜಾವಿತ್ರಿಗಾಗಿ ಡಾಕ್ಟರು ಕೈಯಲ್ಲಿ ಒಂದು ಸಾಲು ಸೇರಿಸಿದಳು: ಎಂಟು ವಾರ ಭಂಗಿ ಅರೆಯಬಾರದು, ಕೈಯಿಂದ ಮೈಗೆ ಸೇರಿದರೆ ಲೆಕ್ಕ ಕೆಡುತ್ತದೆ.

ಚೌಬೆ ಓದದೆ ಸಹಿ ಹಾಕಿದ. ಕನ್ನಡಕವಿರಲಿಲ್ಲವಲ್ಲ. ಆಮೇಲೆ ನೂತನ್ ಓದಿ ಹೇಳಿದಾಗ ಅವನ ಮುಖ ಸಣ್ಣದಾಯಿತು. ಆದರೆ ಬರಹಕ್ಕೆ ಬೆಲೆ ಕೊಡುವುದು ಅವನ ವೃತ್ತಿಗುಣ. ಸಹಿ ಹಾಕಿದ ಮೇಲೆ ಹಿಂದೆಗೆಯುವವನಲ್ಲ.

ಹೀಗೆ ಮೂವತ್ತೊಂದು ವರ್ಷದ ಮೇಲೆ ಮುಕುಟ್ ಚೌಬೆ ಅರೆಕಲ್ಲಿನ ಮುಂದೆ ಕೂತ. ಮೊದಲ ದಿನ ಒಂದು ಗಂಟೆ ಅರೆದರೂ ಕಲ್ಲು ಅಂಟಲಿಲ್ಲ. ಸೊಪ್ಪು ಸರಿಯಿಲ್ಲ ಎಂದು ಭಂಗಿ ಮಾರುವ ಗುತ್ತಿಗೆ ಅಂಗಡಿಯವನನ್ನು ಬೈದು ಬಂದ. ಅವನ ಹಾಸಿಗೆ ಅಂಗಳದ ಪಕ್ಕದ ಯಾತ್ರಿಕರ ಕೋಣೆಗೆ ಹೋಯಿತು. ಬಾಗಿಲ ಗಂಟೆಯೂ ನಾಲ್ಕು ಗಂಟೆಯ ಮೋಟರೂ ಅವನ ಪಾಲಾದವು. ಮಗ ಗೋಪೇಶ ಮೊಬೈಲ್ ಅಂಗಡಿಯಲ್ಲಿ ಕೂತೂ ಕೂತೂ ಬೆನ್ನು ಹಿಡಿದಿದೆಯೆಂದು ಮೊದಲೇ ತಪ್ಪಿಸಿಕೊಂಡಿದ್ದ.

ಮೊದಲ ನಾಲ್ಕು ರಾತ್ರಿ ಜಾವಿತ್ರಿಗೆ ಏನೂ ಆಗಲಿಲ್ಲ. ಮಾತ್ರೆ ನುಂಗಿ, ದೊಡ್ಡ ಮಂಚದ ಮೇಲೆ ಒಬ್ಬಳೇ ಮಲಗಿ ಸೂರು ನೋಡಿದಳು. ಮೂವತ್ತನಾಲ್ಕು ವರ್ಷದಲ್ಲಿ ಮಂಚದ ಆ ಕಡೆಯ ಅಂಚು ಹೇಗಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಐದನೆಯ ರಾತ್ರಿ ರಾಜಕೋಟ್‌ನ ಒಂಬತ್ತು ಜನ ಬಂದಿಳಿದರು. ಬಾಗಿಲ ಗಂಟೆ ಒಂದೇ ಸಮನೆ ಬಡಿದುಕೊಂಡಿತು. ಚೌಬೆ ಎದ್ದು ಎಡವಿದ ಸದ್ದು, ಚಿಲಕ ಸಿಗದ ಸದ್ದು, ಹಾಸಿಗೆಗಳು ಯಾವ ಪೆಟ್ಟಿಗೆಯಲ್ಲಿವೆಯೆಂದು ಯಾತ್ರಿಕರನ್ನೇ ಕೇಳುತ್ತಿರುವ ಸದ್ದು, ಎಲ್ಲ ಅವಳ ಕಿವಿಗೆ ಬಿತ್ತು. ಕಾಲು ತಾನಾಗಿ ಮಂಚದಿಂದ ಕೆಳಗಿಳಿಯಿತು. ಆಗ ಹಾಳೆಯ ನೆನಪಾಯಿತು. ತಾನು ಎದ್ದರೆ ಡಾಕ್ಟರ ಲೆಕ್ಕ ಕೆಡುತ್ತದೆ, ಮಣಿಕಟ್ಟಿನ ಪಟ್ಟಿ ಚಾಡಿ ಹೇಳುತ್ತದೆ. ಕಾಲು ಮೇಲೆಳೆದುಕೊಂಡಳು. ಹೊರಗೆ ಯಾರೋ ಲೋಟ ಬೀಳಿಸಿದರು. ಅದು ಯಾವ ಲೋಟವೆಂದು ಯೋಚಿಸುತ್ತಿರುವಾಗಲೇ ಬೆಳಗಾಗಿಬಿಟ್ಟಿತ್ತು. ಆರು ಗಂಟೆ. ನೂತನ್ ಗಾಬರಿಯಿಂದ ಬಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳು.

ಎರಡು ವಾರದಲ್ಲಿ ಆರು ಗಂಟೆಯ ನಿದ್ದೆ ರೂಢಿಯಾಯಿತು. ಕಣ್ಣಿನ ಕೆಳಗಿನ ಕಪ್ಪು ತಿಳಿಯಾಯಿತು. ಕಚೋರಿ ಕರಿಯುವಾಗ ಜಾವಿತ್ರಿ ಗುನುಗತೊಡಗಿದಳು. ಮನೆಯವರಿಗೆ ಇದರಿಂದ ಬರೀ ಸಂತೋಷವೇ ಆಯಿತೆಂದು ಹೇಳುವಂತಿಲ್ಲ. ನಿದ್ದೆಗೆಟ್ಟ ಜಾವಿತ್ರಿ ಎಷ್ಟೋ ಮಾತನ್ನು ಕೇಳಿಸಿಕೊಳ್ಳದೆ ಬಿಡುತ್ತಿದ್ದಳು. ನಿದ್ದೆಯಾದ ಜಾವಿತ್ರಿಗೆ ಎಲ್ಲವೂ ಕೇಳಿಸುತ್ತಿತ್ತು. ಗೋಪೇಶನ ಬೆನ್ನು ಪಗಡೆ ಆಡುವಾಗ ನೋಯುವುದಿಲ್ಲ ಎಂಬುದು ಅವಳಿಗೆ ಆ ತಿಂಗಳಲ್ಲೇ ಕಂಡಿದ್ದು.

ಚೌಬೆಯ ಹೆಮ್ಮೆಗೆ ಮಾತ್ರ ಎಲ್ಲೆ ಇರಲಿಲ್ಲ. ಘಾಟಿನಲ್ಲಿ ಸಂಕಲ್ಪ ಮಾಡಿಸುವ ಮಧ್ಯೆ ಮಂತ್ರ ನಿಲ್ಲಿಸಿ ಯಾತ್ರಿಕರಿಗೆ ಈ ಕಥೆ ಹೇಳುತ್ತಿದ್ದ. ವಿಜಯೆಯ, ಅಂದರೆ ಭಂಗಿಯ, ಮಹಿಮೆ ನಮ್ಮ ಹಿರಿಯರಿಗೆ ಗೊತ್ತಿತ್ತು, ಈಗ ಸರ್ಕಾರಕ್ಕೆ ಗೊತ್ತಾಗುತ್ತಿದೆ. ನನ್ನ ಹೆಂಡತಿಯನ್ನೇ ನೋಡಿ, ಆರು ವರ್ಷ ಕಣ್ಣು ಮುಚ್ಚದವಳು ಈಗ ರೈಲು ಹೋದರೂ ಏಳುವುದಿಲ್ಲ ಎನ್ನುತ್ತಿದ್ದ. ಕೊಟ್ಟಿದ್ದು ಭಂಗಿಯೋ ಎಳ್ಳೆಣ್ಣೆಯೋ ಗೊತ್ತಿಲ್ಲವಲ್ಲ ಎಂದು ಯಾರಾದರೂ ಅಂದರೆ, ಎಳ್ಳೆಣ್ಣೆಯಿಂದ ನಿದ್ದೆ ಬರುವುದಾದರೆ ಗಾಣದ ಎತ್ತು ನಿಂತಲ್ಲೇ ಮಲಗಬೇಕಿತ್ತು ಎಂದು ಬಾಯಿ ಮುಚ್ಚಿಸುತ್ತಿದ್ದ.

ಆರನೆಯ ವಾರ ಡಾಕ್ಟರು ಬಂದಾಗ ಅವನು ಒಂದು ಹಟ ಹಿಡಿದ. ನಿದ್ದೆ ಎಂದರೇನೆಂದು ಅಳೆಯಬೇಕಾದರೆ ತನ್ನ ಕೈಗೂ ಆ ಪಟ್ಟಿ ಕಟ್ಟಲಿ. ನಿಜವಾದ ನಿದ್ದೆ ಹೇಗಿರುತ್ತದೆ ಅಂತ ಕಾಲೇಜಿನವರೂ ನೋಡಲಿ. ಲೆಕ್ಕಕ್ಕೆ ಸೇರುವುದಿಲ್ಲವೆಂದರೂ ಬಿಡಲಿಲ್ಲ. ಆಕೆ ಮೂರು ರಾತ್ರಿಗೆ ಒಂದು ಪಟ್ಟಿ ಕಟ್ಟಿ ಹೋದಳು. ನಾಲ್ಕನೆಯ ದಿನ ಬಂದು ಕಂಪ್ಯೂಟರಿಗೆ ಹಚ್ಚಿ ನೋಡಿ, ಹೇಳಲೋ ಬೇಡವೋ ಎಂದು ಇನ್ನೊಮ್ಮೆ ಲೆಕ್ಕ ನೋಡಿದಳು. ಚೌಬೆಗೆ ನಿದ್ದೆ ಹತ್ತುವುದೇನೋ ಕೂಡಲೇ. ಆದರೆ ಹನ್ನೆರಡಾಯಿತೆಂದರೆ ಇಪ್ಪತ್ತು ಮೂವತ್ತು ಸಲ ಎಚ್ಚರ. ಎಲ್ಲ ಕೂಡಿಸಿದರೆ ನಾಲ್ಕು ಗಂಟೆಯೂ ದಾಟಲಿಲ್ಲ.

ಚೌಬೆ ನಕ್ಕ. ಆಮೇಲೆ ನಗು ನಿಲ್ಲಿಸಿದ. "ಇದು ಚೀನಾದ್ದಿರಬೇಕು," ಎಂದ.

"ಬಾಗಿಲು, ಮೋಟರು ಅಂತ ಏಳ್ತಿದ್ದೀರಲ್ಲ, ಅದೂ ಇರಬಹುದು," ಎಂದಳು ಡಾಕ್ಟರು ಸಮಾಧಾನಕ್ಕೆ.

"ಹಾಗಾದರೆ ಮೂವತ್ತು ವರ್ಷ ಇವಳಿಗೆ ಏನಾಗಿತ್ತು?" ಎಂದು ಬಾಯಿಗೆ ಬಂದುಬಿಟ್ಟಿತು ಚೌಬೆಗೆ. ಅಂದ ಮೇಲೆ ಅವನೇ ಗಾಬರಿಯಾಗಿ ಸುತ್ತ ನೋಡಿದ. ಜಾವಿತ್ರಿ ಬಟಾಣಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

ಎಂಟು ವಾರ ಮುಗಿದವು. ಡಾಕ್ಟರು ಪಟ್ಟಿ ಬಿಚ್ಚಿಕೊಂಡು, ಉಳಿದ ಮಾತ್ರೆ ಎಣಿಸಿಕೊಂಡು ಹೋದಳು. ದೆಹಲಿಯ ಬೀಗ ತೆಗೆಯುವವರೆಗೆ ಹಾಳೆಯ ನಿಯಮ ಬಿಡಬೇಡಿ ಎಂದಿದ್ದಳು. ಬೀಗ ತೆಗೆಯುವುದಕ್ಕೆ ಮತ್ತೆ ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಚೌಬೆಯ ಕೈಗೆ ಅರೆಯುವ ಹದ ಮರಳಿ ಬಂದಿತ್ತು.

ಫಾಲ್ಗುಣದಲ್ಲಿ, ಹೋಳಿಯ ಜನಜಾತ್ರೆಯಲ್ಲಿ ಊರೇ ಮುಳುಗಿದ್ದ ವಾರ, ಇಲಾ ರಸ್ತೋಗಿ ಬಂದಳು. ಚೌಬೆ ಘಾಟಿನಲ್ಲಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಗುಜಿಯಾ ಎಂಬ ಸಿಹಿಗಡುಬಿಗೆ ಖೋವಾ ಹುರಿಯುತ್ತಿದ್ದರು. ಡಾಕ್ಟರು ಒಲೆಯ ಹತ್ತಿರವೇ ಮಣೆ ಎಳೆದುಕೊಂಡು ಕೂತಳು. ಫಲಿತಾಂಶ ಮೊದಲು ನಿಮಗೆ ಹೇಳಬೇಕು, ಇದು ನಿಮ್ಮದು, ಬೇರೆಯವರಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು ಎಂದು ಪೀಠಿಕೆ ಹಾಕಿದಳು.

"ನಿಮಗೆ ಸಿಕ್ಕಿದ್ದು ಎಳ್ಳೆಣ್ಣೆ, ಅಮ್ಮಾ."

ಜಾವಿತ್ರಿಯ ಸೌಟು ನಿಂತಿತು. ಖೋವಾ ತಳ ಹಿಡಿಯತೊಡಗಿತು. ನೂತನ್ ಬಾಣಲೆ ಇಳಿಸಿದಳು.

"ಹಾಗಾದ್ರೆ ನಾನು ಸುಳ್ಳು ಹೇಳಿದೆನಾ? ಪುಸ್ತಕದಲ್ಲಿ ಬರೆದಿದ್ದೆಲ್ಲ?"

"ಇಲ್ಲ. ನೀವು ನಿಜವಾಗಿ ಮಲಗಿದ್ದೀರಿ. ಮಣಿಕಟ್ಟಿನ ಪಟ್ಟಿಯಲ್ಲೂ ಅದೇ ಬಂದಿದೆ."

ಭಂಗಿಯ ಸಾರ ಸಿಕ್ಕವರಿಗೆ ಏನಾಯಿತೆಂದು ನೂತನ್ ಕೇಳಿದಳು. ಅವರೂ ಸ್ವಲ್ಪ ಹೆಚ್ಚು ನಿದ್ದೆ ಮಾಡಿದರು, ಎಳ್ಳೆಣ್ಣೆಯವರೂ ಹೆಚ್ಚು ಮಾಡಿದರು. ಎರಡರ ನಡುವೆ ಇಷ್ಟೇ ಅಂತರ, ಎಂದು ಡಾಕ್ಟರು ಬೆರಳು ತುದಿಯಲ್ಲಿ ಒಂದು ಸಾಸಿವೆಯಷ್ಟು ತೋರಿಸಿದಳು. ಅದು ಔಷಧಿಯ ಗುಣವೋ ಆಕಸ್ಮಿಕವೋ ಹೇಳಲಾಗದು. ಇನ್ನೂ ದೊಡ್ಡದಾಗಿ, ಇನ್ನೂ ಹೆಚ್ಚು ದಿನ ನೋಡಬೇಕು. ಕೆಲಸ ಮಾಡುತ್ತದೆಂದೂ ಬರೆಯುವಂತಿಲ್ಲ, ಮಾಡುವುದಿಲ್ಲವೆಂದೂ ಬರೆಯುವಂತಿಲ್ಲ. ಈ ವರದಿ ಬರೆಯುತ್ತ ತನಗೇ ಹದಿನೈದು ದಿನದಿಂದ ನಿದ್ದೆಯಿಲ್ಲ ಎಂದಳು. ಜಾವಿತ್ರಿ ಅವಳಿಗೆ ನಾಲ್ಕು ಗುಜಿಯಾ ಕಟ್ಟಿಕೊಟ್ಟಳು. ಅವಳೂ ಪಾಪ, ಯಾರದೋ ಮಗಳು.

ಅವತ್ತು ಜಾವಿತ್ರಿಗೆ ನಿದ್ದೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಇಷ್ಟು ದಿನ ಉಟ್ಟ ಸೀರೆ ತನ್ನದಲ್ಲ ಎಂದು ಯಾರೋ ಹೇಳಿದಂತೆ ಅವಳಿಗೆ ನಾಚಿಕೆಯಾಗಿತ್ತು. ಮೂರನೆಯ ದಿನ ನೂತನಳ ಮೊಬೈಲಿನಿಂದ ಡಾಕ್ಟರಿಗೆ ಫೋನ್ ಮಾಡಿಸಿದಳು. ಎಳ್ಳೆಣ್ಣೆಯಿಂದ ನಿದ್ದೆ ಬರುತ್ತದೆಯೇ ಎಂದು ನೇರವಾಗಿ ಕೇಳಿದಳು. ಇಲ್ಲ ಎಂದಳು ಡಾಕ್ಟರು. ಹಾಗಾದರೆ ತನ್ನನ್ನು ಮಲಗಿಸಿದ್ದು ಯಾರು?

"ಬಾಗಿಲು ತೆಗೆದವರು ಅಂತ ನನಗನಿಸುತ್ತೆ," ಎಂದಳು ಡಾಕ್ಟರು. "ಇದನ್ನ ವರದಿಯಲ್ಲಿ ಬರೆಯೋಕೆ ಬರಲ್ಲ. ಔಷಧಿ ಅನ್ನೋ ನಂಬಿಕೆನೂ ಕೆಲಸ ಮಾಡಿರುತ್ತೆ. ಯಾವುದು ಎಷ್ಟು ಅಂತ ನಾನು ಅಳೆದಿಲ್ಲ."

ಜಾವಿತ್ರಿ ಫೋನ್ ಸೊಸೆಗೆ ಕೊಟ್ಟು ಅಂಗಳದ ಕಟ್ಟೆಯ ಮೇಲೆ ಕೂತಳು. ಚೌಬೆ ಎದುರಿಗೇ ಭಂಗಿ ಅರೆಯುತ್ತಿದ್ದ. ಡಾಕ್ಟರು ಬಂದಿದ್ದಳಂತೆ, ಬೀಗ ತೆಗೆದರಂತೆ, ಏನಂತೆ ಎಂದು ಎರಡು ದಿನದಿಂದ ಕೇಳುತ್ತಿದ್ದ. ಅವನ ಮಾತಿನಲ್ಲಿ ಇನ್ನೊಂದು ಸಂಗತಿಯೂ ಇಣುಕುತ್ತಿತ್ತು. ಪರೀಕ್ಷೆ ಮುಗಿಯಿತಲ್ಲ, ಇನ್ನು ಮೋಟರು, ಗಂಟೆ, ಈ ಕಲ್ಲು ಇವೆಲ್ಲ ಹಳೆಯ ವ್ಯವಸ್ಥೆಗೆ ಬರಬಹುದಲ್ಲ ಎಂದು.

ನಿಜ ಹೇಳಿದರೆ ಏನಾಗುತ್ತದೆಂದು ಜಾವಿತ್ರಿಗೆ ಅಂಗೈಯ ಗೆರೆಯಷ್ಟು ಸ್ಪಷ್ಟವಾಗಿ ಕಂಡಿತು. ಎಣ್ಣೆಯಿಂದ ಬಂದ ನಿದ್ದೆ ನಿದ್ದೆಯೇ ಅಲ್ಲ ಎಂದಾಗುತ್ತದೆ. ನಾಳೆ ನಾಲ್ಕಕ್ಕೆ ಮೋಟರಿನ ಗುಂಡಿಯ ಮೇಲೆ ಅವಳದೇ ಬೆರಳು.

"ಔಷಧಿ ಒಳ್ಳೆ ಕೆಲಸ ಮಾಡಿದೆಯಂತೆ," ಎಂದಳು. ಯಾವ ಔಷಧಿ ಎಂದು ಹೇಳಲಿಲ್ಲ.

ಚೌಬೆ ಗುಂಡುಕಲ್ಲು ಕೆಳಗಿಟ್ಟು ಎರಡೂ ಕೈ ಮೇಲೆತ್ತಿ ಯಮುನೆಗೆ ಜಯಕಾರ ಹಾಕಿದ.

"ಆದರೆ ಅದರ ಗುಣ ಮೈಯಲ್ಲಿ ಉಳೀಬೇಕಾದರೆ ಹಾಳೇಲಿ ಬರೆದಿದ್ದು ಮುಂದುವರೀಬೇಕು. ನಡುವೆ ಬಿಟ್ಟರೆ ವಿಜಯೆಗೆ ಅವಮಾನ. ನನಗೇನು, ನಾನು ಏಳೋಕೆ ತಯಾರು. ನಿಮ್ಮಿಷ್ಟ."

ಚೌಬೆ ಬಹಳ ಹೊತ್ತು ಯೋಚಿಸಿದ. ನಾಲ್ಕು ಗಂಟೆಯ ಚಳಿ ಒಂದು ಕಡೆ, ನಲವತ್ತು ವರ್ಷದ ಭಕ್ತಿ ಒಂದು ಕಡೆ. "ಅವಮಾನ ಆಗಬಾರದು," ಎಂದು ಮತ್ತೆ ಅರೆಯತೊಡಗಿದ.

ನೂತನಳಿಗೆ ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಳ್ಳಬೇಕಾಯಿತು. ಅವಳಿಗೆ ಮಾತ್ರ ಎಲ್ಲ ಗೊತ್ತು. ಆ ವಾರವೇ ಜಾವಿತ್ರಿ ಮಗನನ್ನು ಕರೆದು, ಕೂಸು ಅತ್ತರೆ ದಿನ ಬಿಟ್ಟು ದಿನ ಎದ್ದು ತೂಗಬೇಕು, ತೂಗುವುದಕ್ಕೆ ಬೆನ್ನು ಬೇಕಾಗುವುದಿಲ್ಲ, ತೋಳು ಸಾಕು ಎಂದಳು. ಗೋಪೇಶನಿಗೆ ಯಾವ ಕಾಗದವನ್ನೂ ತೋರಿಸಲಿಲ್ಲ. ಅವನು ತಾಯಿಯ ಮುಖ ನೋಡಿಯೇ ಒಪ್ಪಿಕೊಂಡ.

ಚೈತ್ರದಲ್ಲಿ ಆಗ್ರಾದಿಂದ ಚೌಬೆಯ ಅಕ್ಕ ಕಾಂತಿ ಬಂದಳು. ಬಂದಿದ್ದು ಬೆಳಗಿನ ಐದಕ್ಕೆ. ಬಾಗಿಲು ತೆಗೆದವನು ತಮ್ಮ, ಚಹಾ ಕಾಯಿಸಿದವನೂ ತಮ್ಮ. ಅದರಲ್ಲಿ ಸಕ್ಕರೆ ಇರಲಿಲ್ಲ. ಗಂಡನ ಅಕ್ಕ ಬಂದರೂ ಮನೆಯ ಹೆಂಗಸು ಮಲಗೇ ಇದ್ದಾಳೆಂದು ಕಾಂತಿ ಮುಖ ಊದಿಸಿಕೊಂಡು ಕೂತಳು. ಐದೂವರೆಗೆ ಜಾವಿತ್ರಿ ಎದ್ದು ಬಂದು ಕಾಲಿಗೆ ನಮಸ್ಕರಿಸಿ, ಡಾಕ್ಟರ ಅಪ್ಪಣೆ ಜೀಜಿ ಎಂದಳು. ಕಾಂತಿ ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಊಟವಾದ ಮೇಲೆ ಅಡುಗೆಮನೆಗೆ ಬಂದು ದನಿ ತಗ್ಗಿಸಿ ಕೇಳಿದಳು:

"ಆ ಮಾತ್ರೆ ಎಲ್ಲಿ ಸಿಗುತ್ತೆ, ಜಾವಿತ್ರಿ? ನನಗೂ ಏಳೆಂಟು ವರ್ಷದಿಂದ ಕೋಳಿನಿದ್ದೆ."

ಕಾಂತಿಯ ಗಂಡ ರೈಲ್ವೆ ಗಾರ್ಡ್ ಆಗಿ ನಿವೃತ್ತನಾದವನು. ಹೊತ್ತುಹೊತ್ತಿಗೆ ಚಹಾ ಬೇಕೆನ್ನುವ ಅಭ್ಯಾಸ ಮಾತ್ರ ನಿವೃತ್ತವಾಗಿರಲಿಲ್ಲ. ಇದು ಜಾವಿತ್ರಿಗೆ ಗೊತ್ತಿತ್ತು. ಮಾತ್ರೆ ಈಗ ಸಿಗುವುದಿಲ್ಲವೆಂದು ಹೇಳಿ, ನೂತನಳಿಂದ ಹಾಳೆಯ ನಕಲು ಬರೆಸಿ ಕೊಟ್ಟು ಕಳಿಸಿದಳು. ಹತ್ತು ದಿನದ ಮೇಲೆ ಕಾಂತಿಯ ಫೋನ್ ಬಂತು. ಮಾತ್ರೆಯೇ ಇಲ್ಲದೆ ಪಥ್ಯ ಮಾಡುವುದು ಯಾವ ಶಾಸ್ತ್ರ ಎಂದು ಗಂಡ ಹಾಳೆಯನ್ನು ಮಡಚಿ ಅಲುಗಾಡುವ ಮೇಜಿನ ಕಾಲ ಕೆಳಗೆ ಇಟ್ಟನಂತೆ.

ಜಾವಿತ್ರಿ ಒಂದು ದಿನ ಯೋಚಿಸಿದಳು. ಸುಳ್ಳು ಎಷ್ಟು ದೂರ ಹೋಗಬಹುದು ಎಂಬ ಅಳುಕು ಇತ್ತು. ಆದರೆ ಬಾಯಿಗೆ ಬೆಣ್ಣೆ ಮೆತ್ತಿಕೊಂಡೇ ತಿಂದಿಲ್ಲವೆಂದ ದೇವರ ಊರಲ್ಲಿ ಬಾಳಿದವಳು ಅವಳು. ಸಂಜೆ, ಗೋಲಿ ನುಂಗಿ ಹಾಲಿಗೆ ಕಾಯುತ್ತಿದ್ದ ಗಂಡನಿಗೆ ಇಷ್ಟೇ ಹೇಳಿದಳು: ಆಗ್ರಾದ ಭಾವನವರಿಗೆ ಭಂಗಿಯ ಮೇಲೆ ನಂಬಿಕೆ ಇಲ್ಲವಂತೆ. ಅದರಿಂದ ನಿದ್ದೆ ಬರುತ್ತದೆನ್ನುವುದು ಮಥುರೆಯವರ ಬಡಾಯಿ ಎಂದರಂತೆ.

ಚೌಬೆ ಹಾಲಿನ ಲೋಟ ಕೆಳಗಿಟ್ಟು ಫೋನ್ ಎತ್ತಿಕೊಂಡ. ನಲವತ್ತು ನಿಮಿಷ ಮಾತಾಡಿದ. ಜಾವಿತ್ರಿ ಮಾಳಿಗೆಗೆ ಹೋಗಿ, ಒಣಗಿದ ಹೆಸರುಬೇಳೆ ಸಂಡಿಗೆಯನ್ನು ಮಂಗಗಳು ಬರುವ ಮೊದಲೇ ಬಾಚಿಕೊಂಡು ಬಂದಳು. ಬರುವಾಗಲೂ ಅವನು ಮಾತಾಡುತ್ತಲೇ ಇದ್ದ. ಅವನ ಮಾತು ಮುಗಿಯಲೆಂದೇ ಭಾವ ಎಲ್ಲದಕ್ಕೂ ಒಪ್ಪಿಕೊಂಡಿರಬೇಕು. ಕಾಂತಿ ಈಗ ಹತ್ತಕ್ಕೆ ಮಲಗುತ್ತಾಳಂತೆ. ಚಹಾ ಬೇಕಾದವರು ತಾವೇ ಕಾಯಿಸಿಕೊಳ್ಳುತ್ತಾರಂತೆ.

ಇದಾಗಿ ಎರಡು ವರ್ಷ. ಜಾವಿತ್ರಿ ಹೆಚ್ಚಿನ ದಿನ ಐದು, ಐದೂವರೆ ಗಂಟೆ ನಿದ್ದೆ ಮಾಡುತ್ತಾಳೆ. ಕೆಲವು ರಾತ್ರಿ ಈಗಲೂ ಬರುವುದಿಲ್ಲ. ಅಂಥ ರಾತ್ರಿ ಕಣ್ಣು ಬಿಟ್ಟುಕೊಂಡು, ದೊಡ್ಡ ಮಂಚದ ನಟ್ಟನಡುವೆ ಮಲಗಿ, ಹೊರಗೆ ಗಂಡ ಯಾತ್ರಿಕರಿಗೆ ಹಾಸಿಗೆ ಹಾಸುವುದನ್ನು ಕೇಳುತ್ತಿರುತ್ತಾಳೆ. ದಿಂಬು ಈಗಲೂ ತಪ್ಪು ಪೆಟ್ಟಿಗೆಯಲ್ಲೇ ಹುಡುಕುತ್ತಾನೆ. ಅವಳು ಹೇಳಲು ಹೋಗುವುದಿಲ್ಲ.